ಶಿರೆತೊಕೊ: ರಸ್ತೆ ಮುಗಿಯುವ ಕರಾವಳಿಗೆ ಹೋಗುವ ಮುನ್ನ

ಜಪಾನಿನ ಹೊಕ್ಕೈಡೊ ದ್ವೀಪದ ಈಶಾನ್ಯ ಮೂಲೆಯಿಂದ ಓಖೋಟ್ಸ್ಕ್ ಸಮುದ್ರದೊಳಕ್ಕೆ ಸುಮಾರು 70 ಕಿ.ಮೀ. ಚಾಚಿಕೊಂಡ ನೆಲವೇ ಶಿರೆತೊಕೊ. ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರ ಮಾತಿನಲ್ಲಿ ಈ ಹೆಸರಿಗೆ ನೆಲದ ತುದಿ ಎಂದರ್ಥ. 1964ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಡುವೆ ಬೆನ್ನುಮೂಳೆಯಂತೆ ಬೆಟ್ಟಸಾಲು, ಪಶ್ಚಿಮದ ದಡದಲ್ಲಿ ಉತೊರೊ, ಪೂರ್ವದ ದಡದಲ್ಲಿ ರೌಸು. ಈ ಎರಡು ಊರುಗಳಾಚೆ ಸ್ವಲ್ಪ ದೂರದಲ್ಲೇ ರಸ್ತೆ ನಿಂತುಬಿಡುತ್ತದೆ. ತುದಿಯವರೆಗೆ ಕಾರು ಹೋಗುವ ದಾರಿ ಇಲ್ಲ.

ಇಲ್ಲಿಗೆ ಹೋಗುವವರಿಗೆ ಮೊದಲ ಸಲಹೆ: ಒಂದು ದಿನವನ್ನು ಖಾಲಿ ಇಟ್ಟುಕೊಳ್ಳಿ. ಟೋಕಿಯೊ, ಕ್ಯೋಟೊ ಸುತ್ತುವ ಹಾಗೆ ಗಂಟೆ ಲೆಕ್ಕದಲ್ಲಿ ಯೋಜನೆ ಹಾಕಿದರೆ ಅದು ಇಲ್ಲಿ ಮೊದಲ ದಿನವೇ ಮುರಿಯುತ್ತದೆ. ಗಾಳಿ ಎದ್ದರೆ ದೋಣಿ ಇಲ್ಲ, ಕರಡಿ ಕಂಡರೆ ಕಾಲುದಾರಿ ಬಂದ್, ಹಿಮ ಬಿದ್ದರೆ ಘಾಟಿ ಬಂದ್. ಕನಿಷ್ಠ ಮೂರು ರಾತ್ರಿ ಉಳಿದರೆ ಒಂದಲ್ಲ ಒಂದು ದಿನ ಕಡಲು ಒಲಿಯುವ ಸಾಧ್ಯತೆ ಚೆನ್ನಾಗಿರುತ್ತದೆ.

ಯಾವ ತಿಂಗಳು, ಯಾವ ದಡ

ಏನು ನೋಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ತಿಂಗಳು ತಾನಾಗಿ ಗೊತ್ತಾಗುತ್ತದೆ. ತೇಲಿ ಬರುವ ಮಂಜುಗಡ್ಡೆ ನೋಡಲು ಫೆಬ್ರವರಿ ನಡುಭಾಗ. ಅದರ ಮೇಲೆ ಕೂರುವ ಸ್ಟೆಲ್ಲರ್ ಕಡಲ ಹದ್ದುಗಳಿಗೆ ರೌಸುವಿನಲ್ಲಿ ಫೆಬ್ರವರಿಯಿಂದ ಮಾರ್ಚ್ ಆರಂಭ. ಓರ್ಕಾ ಎಂಬ ಕಪ್ಪು ಬಿಳುಪಿನ ಬೇಟೆಗಾರ ತಿಮಿಂಗಿಲಗಳಿಗೆ ರೌಸುವಿನಲ್ಲೇ ಮೇ ಮತ್ತು ಜೂನ್, ಸ್ಪರ್ಮ್ ತಿಮಿಂಗಿಲಗಳಿಗೆ ಜುಲೈನಿಂದ ಸೆಪ್ಟೆಂಬರ್. ರೌಸು ದಡದಿಂದ ಹೆಚ್ಚು ದೂರ ಹೋಗುವ ಮೊದಲೇ ಕಡಲ ಆಳ 2,000 ಮೀಟರ್ ದಾಟುವುದರಿಂದ ಈ ದೊಡ್ಡ ಪ್ರಾಣಿಗಳು ಇಷ್ಟು ಹತ್ತಿರ ಸಿಗುತ್ತವೆ. ಸರೋವರ, ಕಾಡು, ಕಡಿದಾದ ಬಂಡೆಗೋಡೆಗಳ ಮುಂದೆ ದೋಣಿಯಾನ ಬೇಕಿದ್ದರೆ ಉತೊರೊ, ಜೂನ್‌ನಿಂದ ಸೆಪ್ಟೆಂಬರ್.

ಎರಡೂ ದಡಗಳನ್ನು ಜೋಡಿಸುವುದು 738 ಮೀಟರ್ ಎತ್ತರದ ಶಿರೆತೊಕೊ ಘಾಟಿ. ತೆರೆದಿದ್ದರೆ ಉತೊರೊದಿಂದ ರೌಸುಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಆದರೆ ನವೆಂಬರ್ ಆರಂಭದಿಂದ ಏಪ್ರಿಲ್ ಕೊನೆಯವರೆಗೆ ಅದನ್ನು ಮುಚ್ಚಿರುತ್ತಾರೆ. ತೆರೆದ ಹೊಸದರಲ್ಲೂ ರಸ್ತೆ ಹೆಪ್ಪುಗಟ್ಟುತ್ತದೆಂದು ಹಗಲಿನ ಕೆಲವೇ ಗಂಟೆ ಬಿಡುತ್ತಾರೆ. ಚಳಿಗಾಲದಲ್ಲಿ ಎರಡೂ ಊರು ನೋಡಬೇಕೆಂದರೆ ಶಾರಿ ಊರಿಗೆ ಹಿಂತಿರುಗಿ ಬೇರೊಂದು ಘಾಟಿ ಹತ್ತಿ ಇಳಿಯಬೇಕು. ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಹಿಮಬಿರುಗಾಳಿಯಿದ್ದರೆ ಅದೂ ಇಲ್ಲ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆಂದು ಉತೊರೊದಲ್ಲಿ ಕೋಣೆ ಹಿಡಿದು ರೌಸುವಿನ ಬೆಳಗಿನ ಹದ್ದು ದೋಣಿಗೆ ಟಿಕೆಟ್ ಮಾಡಿಸುವುದು ಫೆಬ್ರವರಿಯ ಪ್ರವಾಸಿಗರು ಮಾಡುವ ದೊಡ್ಡ ತಪ್ಪು.

ಬೆಳಕಿನ ಲೆಕ್ಕವೂ ಬೇರೆ. ಜಪಾನಿಗೆಲ್ಲ ಒಂದೇ ಗಡಿಯಾರ, ಈ ಊರುಗಳು ಅದರ ಪೂರ್ವದ ಅಂಚಿನಲ್ಲಿವೆ. ಜೂನ್‌ನಲ್ಲಿ ಬೆಳಗಿನ ನಾಲ್ಕಕ್ಕೂ ಮೊದಲೇ ಸೂರ್ಯ ಹುಟ್ಟುತ್ತಾನೆ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೂ ಮುನ್ನ ಮುಳುಗಿರುತ್ತಾನೆ.

ತಲುಪುವುದು

ಟೋಕಿಯೊದ ಹನೇಡಾದಿಂದ ಮೆಮನ್‌ಬೆತ್ಸು ವಿಮಾನ ನಿಲ್ದಾಣ, ಅಲ್ಲಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಗೆ ಉತೊರೊ. ರೌಸುಗೆ ನಾಕಾಶಿಬೆತ್ಸು ನಿಲ್ದಾಣ ಹತ್ತಿರ. ರೈಲಿನಲ್ಲಿ ಬರುವವರು ಅಬಾಶಿರಿಯಿಂದ ಶಿರೆತೊಕೊ-ಶಾರಿ ನಿಲ್ದಾಣಕ್ಕೆ ಬಂದು ಬಸ್ಸು ಹಿಡಿಯಬಹುದು, ಆದರೆ ಬಸ್ಸುಗಳು ದಿನಕ್ಕೆ ಬೆರಳೆಣಿಕೆಯಷ್ಟೇ. ಬೇಸಿಗೆಯಲ್ಲಿ ಬಾಡಿಗೆ ಕಾರು ಇದ್ದರೆ ಒಳ್ಳೆಯದು.

ಭಾರತದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜಪಾನಿನಲ್ಲಿ ನಡೆಯುತ್ತದೆ. ನಿಮ್ಮ ಆರ್‌ಟಿಒದಲ್ಲೇ ಮಾಡಿಸಿಕೊಂಡು, ಮೂಲ ಡಿಎಲ್ ಮತ್ತು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ವಾಹನ ಓಡುವುದು ನಮ್ಮ ಹಾಗೆ ಎಡಕ್ಕೇ. ಬಂಕಿನಲ್ಲಿ ಕೆಂಪು ಹಿಡಿಯ ನಳಿಕೆ ಸಾಮಾನ್ಯ ಪೆಟ್ರೋಲಿನದು, ಹಳದಿ ಹೈ ಆಕ್ಟೇನ್, ಹಸಿರು ಡೀಸೆಲ್. ಭಾಷೆ ಬಾರದೆ ಬಣ್ಣ ತಪ್ಪಿದರೆ ಎಂಜಿನ್ ಹಾಳು. ಉತೊರೊ ಅಥವಾ ರೌಸು ಬಿಡುವ ಮೊದಲು ಟ್ಯಾಂಕ್ ತುಂಬಿಸಿ, ಮುಂದೆ ಬಂಕ್ ಇಲ್ಲ.

ಸಂಜೆ ಹೊತ್ತು ಜಿಂಕೆಗಳು ರಸ್ತೆಗೆ ನುಗ್ಗುತ್ತವೆ. ಒಂದು ದಾಟಿತೆಂದು ವೇಗ ಏರಿಸಬೇಡಿ, ಹಿಂದೆ ಇನ್ನೂ ಎರಡು ಮೂರು ಇರುವುದೇ ಹೆಚ್ಚು. ಚಳಿಗಾಲದಲ್ಲಿ ಬಾಡಿಗೆ ಕಾರಿಗೆ ಹಿಮದ ಟೈರು ಇರುತ್ತದೆ, ಆದರೂ ಸೇತುವೆ ಮತ್ತು ಸುರಂಗದ ಬಾಯಿಯಲ್ಲಿ ಕಣ್ಣಿಗೆ ಕಾಣದ ಗಾಜಿನಂಥ ಪದರ ಇರುತ್ತದೆ. ಹಿಮದಲ್ಲಿ ಕಾರು ಹೂತು ನಿಂತರೆ ಎಂಜಿನ್ ಆರಿಸಿ. ಹಿಮ ಸೈಲೆನ್ಸರ್ ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ತುಂಬುತ್ತದೆ. ಹೀಟರ್ ಬೇಕೇಬೇಕೆಂದರೆ ಮತ್ತೆ ಮತ್ತೆ ಇಳಿದು ಕೊಳವೆಯ ಸುತ್ತ ಅಗೆಯುತ್ತಿರಬೇಕು.

ಕರಡಿಯ ಸೀಮೆ

ಕಂದು ಕರಡಿಗಳು ಪ್ರಪಂಚದಲ್ಲೇ ಅತಿ ದಟ್ಟವಾಗಿ ಬದುಕುವ ಜಾಗಗಳಲ್ಲಿ ಇದೂ ಒಂದು. ಶಿರೆತೊಕೊದ ಐದು ಸರೋವರಗಳಿಗೆ ಎರಡು ದಾರಿಗಳಿವೆ. ನೆಲದಿಂದ ಎತ್ತರಿಸಿ, ವಿದ್ಯುತ್ ತಂತಿ ಸುತ್ತಿದ ಹಲಗೆ ದಾರಿ ಒಂದು. ಹೋಗಲು 800 ಮೀಟರ್, ಬರಲು ಅಷ್ಟೇ, ಶುಲ್ಕ ಇಲ್ಲ, ಮೊದಲ ಸರೋವರದವರೆಗೆ ಮಾತ್ರ. ಐದೂ ನೋಡಲು 3 ಕಿ.ಮೀ. ನೆಲದ ದಾರಿ ಹಿಡಿಯಬೇಕು. ಮೇ 10ರಿಂದ ಜುಲೈ 31ರವರೆಗೆ ಕರಡಿಗಳು ಚುರುಕಾಗಿರುವ ಕಾಲ. ಆಗ ನೋಂದಾಯಿತ ಗೈಡ್ ಇಲ್ಲದೆ ನೆಲದ ದಾರಿಗೆ ಬಿಡುವುದಿಲ್ಲ, ಮೊದಲೇ ಕಾಯ್ದಿರಿಸಬೇಕು. ದಾರಿ ತೆರೆದಿರುವ ಉಳಿದ ದಿನಗಳಲ್ಲಿ ಸಾಮಾನ್ಯವಾಗಿ ಸಣ್ಣ ಶುಲ್ಕ ಕಟ್ಟಿ, ಹತ್ತು ನಿಮಿಷದ ಪಾಠ ಕೇಳಿ ಒಳಗೆ ಹೋಗಬಹುದು. ತಿಂಡಿ ಬಿಚ್ಚುವಂತಿಲ್ಲ, ಕುಡಿಯಲು ಬರೀ ನೀರು ಸಾಕು. ಯಾರಿಗಾದರೂ ಕರಡಿ ಕಂಡರೆ ದಾರಿ ಆ ಕ್ಷಣವೇ ಬಂದ್ ಆಗುತ್ತದೆ, ವಾದ ಮಾಡಿ ಪ್ರಯೋಜನವಿಲ್ಲ.

ತಿರುವುಗಳಲ್ಲಿ, ತೊರೆಯ ಸದ್ದಿರುವಲ್ಲಿ ಚಪ್ಪಾಳೆ ತಟ್ಟಿ, ಗಟ್ಟಿಯಾಗಿ ಮಾತಾಡಿ. ಕರಡಿಗೆ ನೀವು ಬರುವುದು ಮೊದಲೇ ತಿಳಿದರೆ ಅದೇ ಸರಿದು ಹೋಗುತ್ತದೆ. ಎದುರಾದರೆ ಓಡಬೇಡಿ, ಬೆನ್ನು ತೋರಿಸಬೇಡಿ, ಮುಖ ಅದರತ್ತಲೇ ಇಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಖಾರ ಚಿಮ್ಮಿಸಿ ಕರಡಿಯನ್ನು ಹಿಮ್ಮೆಟ್ಟಿಸುವ ಕರಡಿ ಸ್ಪ್ರೇಯನ್ನು ವಿಮಾನದಲ್ಲಿ ತರಲಾಗದು, ಉತೊರೊ ಬಳಿಯ ಶಿರೆತೊಕೊ ನೇಚರ್ ಸೆಂಟರ್‌ನಲ್ಲಿ ಬಾಡಿಗೆಗೆ ಸಿಗುತ್ತದೆ. ಅದು ಬ್ಯಾಗಿನೊಳಗಿದ್ದರೆ ಇಲ್ಲದ ಹಾಗೆ. ಸೊಂಟಕ್ಕೆ ಕಟ್ಟಿ, ಕ್ಲಿಪ್ ತೆಗೆಯುವುದನ್ನು ಬರಿಗೈಯಲ್ಲೂ ಗ್ಲೌಸ್ ಹಾಕಿಯೂ ಹತ್ತು ಸಲ ಅಭ್ಯಾಸ ಮಾಡಿ. ನುಗ್ಗಿ ಬರುವ ಕರಡಿ ಐದಾರು ಮೀಟರ್ ಹತ್ತಿರವಾದಾಗ ಕಣ್ಣು ಮೂಗಿಗೆ ಗುರಿಯಿಟ್ಟು ಒತ್ತಬೇಕು. ದೂರದಿಂದಲೇ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಡಬ್ಬಿ ಖಾಲಿ, ಎದುರು ಗಾಳಿಯಿದ್ದರೆ ನಿಮ್ಮ ಕಣ್ಣೇ ಉರಿಯುತ್ತದೆ.

ರಸ್ತೆ ಬದಿಯಲ್ಲಿ ಕರಡಿ ಕಂಡರೆ ಕಾರಿನಿಂದ ಇಳಿಯಬೇಡಿ, ಸಾಲುಗಟ್ಟಿ ನಿಲ್ಲಲೂ ಬೇಡಿ. 1997ರಲ್ಲಿ ಇಲ್ಲಿ ಪ್ರವಾಸಿಗರು ಎಳೆಯ ಹೆಣ್ಣು ಕರಡಿಯೊಂದಕ್ಕೆ ಕಾರಿನಿಂದ ಸಾಸೇಜ್ ಎಸೆದರು. ಮನುಷ್ಯರ ಭಯ ಕಳೆದುಕೊಂಡ ಅದು ಮರುವರ್ಷ ಶಾಲೆಯ ಹತ್ತಿರ ಬಂದಾಗ ಗುಂಡು ಹಾರಿಸಿ ಕೊಲ್ಲಬೇಕಾಯಿತು. ಒಂದು ತುಂಡು ತಿಂಡಿಗೆ ಒಂದು ಜೀವ ಹೋಯಿತು. 2022ರಿಂದ ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಡುಪ್ರಾಣಿಗೆ ತಿನಿಸು ಹಾಕುವುದು ದಂಡ ಬೀಳುವ ಅಪರಾಧ. 2025ರ ಆಗಸ್ಟ್‌ನಲ್ಲಿ 1,661 ಮೀಟರ್ ಎತ್ತರದ ರೌಸು ಬೆಟ್ಟದ ದಾರಿಯಲ್ಲಿ ಚಾರಣಿಗನೊಬ್ಬ ಕರಡಿಗೆ ಬಲಿಯಾದ. ಬೆಟ್ಟ ಹತ್ತುವ ಆಲೋಚನೆಯಿದ್ದರೆ ದಾರಿ ತೆರೆದಿದೆಯೇ ಎಂದು ಹಿಂದಿನ ದಿನವೇ ಕೇಳಿ. ಒಬ್ಬರೇ ಹೋಗಬೇಡಿ.

ದೋಣಿ ಮತ್ತು ತಣ್ಣೀರು

ಉತೊರೊದಿಂದ ದೊಡ್ಡ ಹಡಗೂ ಹೊರಡುತ್ತದೆ, ಸಣ್ಣ ದೋಣಿಗಳೂ ಹೊರಡುತ್ತವೆ. ಕಾಮುಯಿವಕ್ಕಾ ಜಲಪಾತ ನೇರ ಕಡಲಿಗೆ ಬೀಳುವ ಜಾಗದವರೆಗಿನ ಯಾನ ಗಂಟೆ, ಒಂದೂವರೆ ಗಂಟೆಯದು. ತುದಿಯವರೆಗಿನದು ಮೂರು ಗಂಟೆಗೂ ಮೇಲೆ. ದೊಡ್ಡ ಹಡಗಿನಲ್ಲಿ ಕುಲುಕಾಟ ಕಡಿಮೆ, ಆದರೆ ದಡದಿಂದ ದೂರ. ಸಣ್ಣ ದೋಣಿ ಬಂಡೆಗೋಡೆಗೆ ಹತ್ತಿರ ಹೋಗುತ್ತದೆ, ರುಶಾ ಕೊಲ್ಲಿಯ ದಡದಲ್ಲಿ ಕರಡಿ ಕಾಣಲು ಅದೇ ಸರಿ. ತುದಿಯಲ್ಲಿ ಯಾರನ್ನೂ ಇಳಿಸುವುದಿಲ್ಲ. ಹೋಗುವಾಗ ದಡ ಬಲಗಡೆ ಇರುತ್ತದೆ, ಅಲ್ಲೇ ಜಾಗ ಹಿಡಿಯಿರಿ.

2022ರ ಏಪ್ರಿಲ್ 23ರಂದು ಉತೊರೊದಿಂದ ಹೊರಟ ಸಣ್ಣ ಪ್ರವಾಸಿ ದೋಣಿಯೊಂದು ಮುಳುಗಿತು. ಅದರಲ್ಲಿದ್ದ 26 ಮಂದಿಯಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ಗಾಳಿ, ಅಲೆಯ ಎಚ್ಚರಿಕೆ ಆ ದಿನ ಇತ್ತು. ದೋಣಿಯ ಮುಂಭಾಗದ ಹ್ಯಾಚಿನ, ಅಂದರೆ ಮೇಲ್ತಟ್ಟಿನ ಕಿಂಡಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅಲ್ಲಿಂದ ನೀರು ಒಳನುಗ್ಗಿತು ಎಂದು ತನಿಖೆ ಹೇಳಿತು. ನೀರು ಸುಮಾರು 4 ಡಿಗ್ರಿ. ಗೋಕರ್ಣ, ಮಲ್ಪೆಯ ಬೆಚ್ಚನೆ ನೀರಿನ ಅಂದಾಜನ್ನು ಇಲ್ಲಿಗೆ ತರಬೇಡಿ. ಇಂಥ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಏದುಸಿರಿನಲ್ಲೇ ನೀರು ಒಳಗೆ ಹೋಗುತ್ತದೆ. ಸುಮಾರು ಹತ್ತು ನಿಮಿಷದಲ್ಲಿ ಬೆರಳು ಮಡಚಲು ಬಾರದಾಗುತ್ತದೆ. ಗಂಟೆಯೊಳಗೆ ಪ್ರಜ್ಞೆ ತಪ್ಪುತ್ತದೆ. ಲೈಫ್ ಜಾಕೆಟ್ ತೇಲಿಸುತ್ತದೆ, ಬೆಚ್ಚಗಿಡುವುದಿಲ್ಲ.

ಆದ್ದರಿಂದ ಟಿಕೆಟ್ ಮಾಡಿಸುವಾಗ ಮೂರು ಪ್ರಶ್ನೆ ಕೇಳಿ: ನೀರಿಗಿಳಿಯದೆ ಹತ್ತಿ ಕೂರಬಹುದಾದ ಲೈಫ್ ರಾಫ್ಟ್ ಇದೆಯೇ, ದಡದೊಂದಿಗೆ ಮಾತಾಡಲು ಮೊಬೈಲ್ ಅಲ್ಲದೆ ರೇಡಿಯೊ ಅಥವಾ ಉಪಗ್ರಹ ಫೋನ್ ಇದೆಯೇ, ಎಷ್ಟು ಅಲೆ ಎದ್ದರೆ ಯಾನ ರದ್ದು ಮಾಡುತ್ತೀರಿ. ತಡವರಿಸದೆ ಉತ್ತರಿಸುವವರ ದೋಣಿ ಹತ್ತಿ. ರದ್ದಾಯಿತೆಂದು ಗೊಣಗಬೇಡಿ, ರದ್ದು ಮಾಡುವವರೇ ನಂಬಿಕಸ್ಥರು. ವಾಯವ್ಯದ ಗಾಳಿ ಉತೊರೊ ಕಡಲನ್ನು ಕದಡಿದಾಗ ಬೆಟ್ಟದ ಮರೆಯ ರೌಸು ಶಾಂತವಾಗಿರುವುದುಂಟು, ಪೂರ್ವದ ಗಾಳಿಗೆ ಇದು ತಿರುಗಾಮುರುಗಾ. ಘಾಟಿ ತೆರೆದಿರುವ ದಿನಗಳಲ್ಲಿ ಆಚೆ ದಡಕ್ಕೆ ಫೋನ್ ಮಾಡಿ ನೋಡಿ.

ಜುಲೈನಲ್ಲೂ ದೋಣಿಯ ಮೇಲೆ ಚಳಿ ಕೊರೆಯುತ್ತದೆ. ಹತ್ತಿ ಬನಿಯನ್, ಜೀನ್ಸ್ ಬೇಡ. ಒದ್ದೆಯಾದರೆ ಮೈಶಾಖವನ್ನೆಲ್ಲ ಹೀರುತ್ತವೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ.

ಫೆಬ್ರವರಿಯಲ್ಲಿ ಉತೊರೊದಲ್ಲಿ ಮಂಜುಗಡ್ಡೆಯ ಮೇಲೆ ಗೈಡ್ ಜೊತೆ ನಡೆಯಬಹುದು. ನೀರು ಒಳಬಿಡದ, ಇಡೀ ಮೈ ಮುಚ್ಚುವ ಡ್ರೈಸೂಟ್ ಅವರೇ ಕೊಡುತ್ತಾರೆ, ನಿಮ್ಮ ಬಟ್ಟೆಯ ಮೇಲೇ ಏರಿಸಿಕೊಳ್ಳುವುದು. ಕತ್ತು, ಮಣಿಕಟ್ಟಿನ ರಬ್ಬರ್ ಪಟ್ಟಿ ಬರೀ ಚರ್ಮಕ್ಕೆ ಅಂಟಿ ಕೂರಬೇಕು. ಸರ, ಕಾಲರ್, ಕೂದಲ ಎಳೆ ಸಿಕ್ಕಿಕೊಂಡರೆ ಆ ಸಂದಿನಿಂದಲೇ ನೀರು ಇಳಿಯುತ್ತದೆ. ಉಂಗುರ, ಬಳೆ ಮೊದಲೇ ತೆಗೆದಿಡಿ. ಗೈಡ್ ಇಲ್ಲದೆ ದಡದಿಂದ ಮಂಜುಗಡ್ಡೆಗೆ ಕಾಲಿಡಲೇಬೇಡಿ. ಬೆಳಗ್ಗೆ ದಡಕ್ಕೆ ಒತ್ತಿಕೊಂಡಿದ್ದ ಗಡ್ಡೆ, ಗಾಳಿ ತಿರುಗಿದರೆ ಮಧ್ಯಾಹ್ನಕ್ಕೆ ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತದೆ.

ಊಟ, ನೀರು

ಸಸ್ಯಾಹಾರಿಗಳು ಕೈಚೀಲದಲ್ಲಿ ಊಟ ಒಯ್ಯುವುದೇ ಲೇಸು. ಇವು ಮೀನುಗಾರರ ಊರುಗಳು, ಸಾರಿನ ನೀರಿನಲ್ಲೇ ಮೀನು ಬೆಂದಿರುತ್ತದೆ. ಬಿಸಿನೀರು ಎಲ್ಲ ಕೋಣೆಗಳಲ್ಲೂ ಸಿಗುವುದರಿಂದ ಗೊಜ್ಜವಲಕ್ಕಿ, ಉಪ್ಪಿಟ್ಟಿನ ರೆಡಿ ಮಿಕ್ಸ್, ಚಟ್ನಿಪುಡಿ ಚೆನ್ನಾಗಿ ಒದಗುತ್ತವೆ. ಸೇಕೊಮಾರ್ಟ್ ಅಂಗಡಿಯಲ್ಲಿ ಉಮೆ ಎಂಬ ಹುಳಿಕಾಯಿ ಇಟ್ಟ ಅನ್ನದ ಉಂಡೆ ಸಿಗುತ್ತದೆ. ಪೊಟ್ಟಣದ ಮೇಲಿನ ಪದಾರ್ಥಪಟ್ಟಿಯನ್ನು ಫೋನಿನಲ್ಲಿ ಅನುವಾದಿಸಿ ನೋಡಿ. ಟೆಂಟಿನಲ್ಲಿ ಉಳಿಯುವವರು ಚಟ್ನಿಪುಡಿಯೂ ಸೇರಿ ವಾಸನೆಯ ವಸ್ತುಗಳನ್ನೆಲ್ಲ ಕರಡಿ ಬಿಚ್ಚಲಾಗದ ಗಟ್ಟಿ ಡಬ್ಬಿಯಲ್ಲಿ ಹಾಕಿ ಟೆಂಟಿನಿಂದ ದೂರ ಇಡಬೇಕು.

ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಹಸಿಯಾಗಿ ಕುಡಿಯಬೇಡಿ. ಹೊಕ್ಕೈಡೊದ ನರಿಗಳ ಹಿಕ್ಕೆಯಿಂದ ಎಕಿನೋಕಾಕಸ್ ಎಂಬ ಹುಳುವಿನ ಮೊಟ್ಟೆ ನೀರಿಗೆ ಸೇರುತ್ತದೆ, ಮೈ ಸೇರಿದರೆ ಹಲವು ವರ್ಷಗಳ ಮೇಲೆ ಯಕೃತ್ತನ್ನು ಕೆಡಿಸುತ್ತದೆ. ಕುದಿಸಿ ಕುಡಿಯಿರಿ. ಇದೇ ಕಾರಣಕ್ಕೆ ನರಿಯನ್ನು ಮುಟ್ಟಲೂ ಬಾರದು.

ರಸ್ತೆಯ ಕೊನೆ

ರೌಸುವಿನಿಂದ ಉತ್ತರಕ್ಕೆ ಸುಮಾರು 24 ಕಿ.ಮೀ. ಹೋದರೆ ಐದೊಮಾರಿ. ಡಾಂಬರು ಅಲ್ಲಿಗೆ ಮುಗಿಯುತ್ತದೆ. ಅದಕ್ಕೂ ಸ್ವಲ್ಪ ಮೊದಲು ಸೆಸೆಕಿ ಎಂಬಲ್ಲಿ ಕಡಲ ಬಂಡೆಗಳ ನಡುವೆ ಬಿಸಿನೀರಿನ ಕೊಳವಿದೆ. ಉಬ್ಬರದಲ್ಲಿ ಅಲೆ ಅಂಚು ದಾಟಿ ಕೊಳವನ್ನೇ ಮುಳುಗಿಸುತ್ತದೆ, ಇಳಿತದಲ್ಲಿ ಮತ್ತೆ ಹೊರಬರುತ್ತದೆ. ಬೇಸಿಗೆಯ ಕೆಲವು ವಾರ ಮಾತ್ರ ಬಳಕೆಗೆ ಸಿಗುವ ಈ ಜಾಗ ಖಾಸಗಿಯವರದು, ಪಕ್ಕದ ಮನೆಯವರನ್ನು ಕೇಳಿಯೇ ಇಳಿಯಬೇಕು. ಉಬ್ಬರವಿಳಿತದ ಪಟ್ಟಿಯನ್ನು ರೌಸುವಿನಲ್ಲೇ ನೋಡಿಕೊಂಡು ಬನ್ನಿ. ದಡದಲ್ಲಿ ಒಣಗಲು ಹರವಿದ, ಕೊಂಬು ಎಂದು ಕರೆಯುವ ತಿನ್ನುವ ಕಡಲ ಪಾಚಿಯನ್ನು ತುಳಿಯಬೇಡಿ, ಮೀನುಗಾರರ ವರ್ಷದ ದುಡಿಮೆ ಅದು.

ಐದೊಮಾರಿಯಿಂದ ತುದಿಯವರೆಗಿನ ಸುಮಾರು 24 ಕಿ.ಮೀ. ದಡವನ್ನು ನಡೆದೇ ಸೇರುವವರಿದ್ದಾರೆ. ಗುಂಡುಕಲ್ಲು, ಹಗ್ಗ ಹಿಡಿದು ಇಳಿಯುವ ಬಂಡೆ, ಇಳಿತದಲ್ಲಷ್ಟೇ ದಾಟಬಹುದಾದ ಮೂಲೆಗಳು, ಜೊತೆಗೆ ಕರಡಿಗಳು. ಹೋಗಿ ಬರಲು ಹಲವು ದಿನ. ಅನುಭವಿ ಗೈಡ್ ಇಲ್ಲದವರು ಐದೊಮಾರಿಯಲ್ಲೇ ಕಾರು ತಿರುಗಿಸುವುದು ಸರಿ. ಅಲ್ಲಿಂದ ಮುಂದೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಸಿಗ್ನಲ್ ಇರುವ ಕಡೆ ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119, ಕಡಲಿನಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಗೆ 118.