ಕೋಲಿನಿಂದ ತಟ್ಟಿ ನೋಡಿದ 11 ವರ್ಷ: ಕಲ್ಲಿದ್ದಲು ಗಣಿಯಲ್ಲಿ ನನ್ನ ಅನುಭವ

ಮಳವಳ್ಳಿ ಕಡೆಯ ಹುಡುಗರು ಇತ್ತೀಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಡಿಪ್ಲೊಮಾ ಮಾಡಿದವರು, ಐಟಿಐ ಮುಗಿಸಿದವರು. "ಅಣ್ಣಾ, ಕಲ್ಲಿದ್ದಲು ಗಣಿಯಲ್ಲಿ ಕೆಲಸ ಸಿಗೋ ಹಂಗಿದೆ, ಹೋಗ್ಬಹುದಾ?" ಅಂತ ಕೇಳುತ್ತಾರೆ. ಸಂಬಳ ಎಷ್ಟು, ಕ್ವಾರ್ಟರ್ಸ್ ಕೊಡುತ್ತಾರಾ, ವರ್ಷಕ್ಕೆ ರಜೆ ಎಷ್ಟು ಅಂತಲೂ ಕೇಳುತ್ತಾರೆ. ಗಣಿಯೊಳಗೆ ತಲೆ ಮೇಲಿರುವ ಕಲ್ಲಿನ ಸೂರಿನ ಬಗ್ಗೆ ಇದುವರೆಗೆ ಒಬ್ಬನೂ ಕೇಳಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಛತ್ತೀಸಗಡದ ಒಂದು ಭೂಗತ ಗಣಿಯಲ್ಲಿ 11 ವರ್ಷ ಇದ್ದೆ. ಮೊದಲು ಮೈನಿಂಗ್ ಸರದಾರ್, ಅಂದರೆ ಒಂದು ಗುಂಪಿನ ಕೆಲಸ, ಸುರಕ್ಷತೆ ನೋಡಿಕೊಳ್ಳುವವನು; ಆಮೇಲೆ ಅವರ ಮೇಲಿನ ಮೇಲ್ವಿಚಾರಕ, ಓವರ್‌ಮನ್. ಈಗ ಊರಿಗೆ ವಾಪಸ್ ಬಂದು ಕಬ್ಬು ಬೆಳೆಯುತ್ತೇನೆ. ನಮ್ಮ ಕಡೆಗೂ ಗಣಿಗೂ ನಂಟು ಹಳೆಯದು. ಶಿವನಸಮುದ್ರದ ಬ್ಲಫ್‌ನಲ್ಲಿ 1902ರಲ್ಲಿ ಕರೆಂಟು ತಯಾರಾದದ್ದೇ ಕೋಲಾರದ ಚಿನ್ನದ ಗಣಿಗೆ ಕಳಿಸುವುದಕ್ಕೆ. ನಮ್ಮ ತಾತ ಬ್ಲಫ್‌ನಲ್ಲಿ ಕೂಲಿ ಮಾಡಿದವರು. ಗಣಿ ಓದಬೇಕು ಅಂತ ನಾನು ಹಟ ಹಿಡಿದಾಗ ಮನೆಯಲ್ಲಿ ಬೇಡ ಅನ್ನದೆ ಇದ್ದವರು ಅವರೊಬ್ಬರೇ.

ಓದಿದ್ದು ಕೆಜಿಎಫ್‌ನಲ್ಲಿ. ಅಲ್ಲಿನ ಬಂಡೆ ಗಟ್ಟಿ, ಗಣಿ ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳ. ಒತ್ತಡ ತಾಳದೆ ಬಂಡೆ ಸಿಡಿಯುತ್ತಿದ್ದ ಕಥೆಗಳನ್ನು ಅಲ್ಲಿನ ಹಳಬರಿಂದ ಕೇಳಿದ್ದೆ. ಕಲ್ಲಿದ್ದಲಿನದು ಬೇರೆ ಸ್ವಭಾವ. ಹೋಳಿಗೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಪದರ ಪದರ ಇರುತ್ತದೆ. ಅಡಿಯ ಕಲ್ಲಿದ್ದಲು ತೆಗೆದರೆ ಮೇಲಿನ ಮರಳುಗಲ್ಲು, ಜೇಡಿಕಲ್ಲಿನ ಪದರಗಳು ಆಸರೆ ಇಲ್ಲದೆ ಬಾಗುತ್ತವೆ. ಒಂದು ಪದರ ಇನ್ನೊಂದರಿಂದ ಬಿಡುತ್ತದೆ. ಬಿಟ್ಟದ್ದು ಯಾವತ್ತೋ ಒಂದು ದಿನ ಬೀಳುತ್ತದೆ. ಹಿಂದಿ ಸೀಮೆಯ ಗಣಿಗಳಲ್ಲಿ ಈ ಸೂರಿಗೆ 'ಚಾಲ್' ಅನ್ನುತ್ತಾರೆ. 'ಚಾಲ್ ಬಿತ್ತು' ಅಂತ ಯಾರಾದರೂ ಕೂಗಿದರೆ ಇಡೀ ಶಿಫ್ಟು ಉಸಿರು ಹಿಡಿದು ನಿಲ್ಲುತ್ತದೆ.

ನಮ್ಮದು ಕಲ್ಲಿದ್ದಲನ್ನೇ ಕಂಬಗಳಾಗಿ ಉಳಿಸಿಕೊಂಡು ನಡುವೆ ಗ್ಯಾಲರಿ, ಅಂದರೆ ಸುರಂಗದ ದಾರಿ, ಕೊರೆಯುವ ಗಣಿ. ಗ್ಯಾಲರಿ ಹೆಚ್ಚೆಂದರೆ 4.8 ಮೀಟರ್ ಅಗಲ, 3 ಮೀಟರ್ ಎತ್ತರ. ಮದ್ದು ಸಿಡಿಸಿ ಕಲ್ಲಿದ್ದಲು ಬೀಳಿಸಿದ ಮೇಲೆ ಮುಂದೆ ಒಂದಷ್ಟು ಜಾಗಕ್ಕೆ ಸೂರಿಗೆ ತೂತು ಕೊರೆದು ಕೂರಿಸುವ ಉಕ್ಕಿನ ಬೋಲ್ಟೂ ಇರುವುದಿಲ್ಲ, ಆಸರೆಯ ಕಂಬವೂ ಇರುವುದಿಲ್ಲ. ಅದಕ್ಕೆ ಹಸಿ ಚಾಲು ಅನ್ನುತ್ತಾರೆ. ಅದರಡಿ ಯಾರೂ ಕಾಲಿಡಬಾರದು. ನಾನು ಕಾಲಿಟ್ಟೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಕೊನೇ ಬೋಲ್ಟಿನ ಸಾಲಿನಿಂದ ನಾಲ್ಕು ಹೆಜ್ಜೆ ಮುಂದೆ ಒಂದು ಡ್ರಿಲ್ ರಾಡ್ ಬಿದ್ದಿತ್ತು. ಶಿಫ್ಟ್ ಮುಗಿಯಲು ಇಪ್ಪತ್ತು ನಿಮಿಷ ಬಾಕಿ. ಕೊಕ್ಕೆ ತಂದು ಎಳೆದುಕೊಳ್ಳಬಹುದಿತ್ತು, ಕೊಕ್ಕೆ ಇದ್ದದ್ದು ಹಿಂದಿನ ಜಂಕ್ಷನ್‌ನಲ್ಲಿ, ಹೋಗಿ ಬರಲು ಐದು ನಿಮಿಷ, ಅಷ್ಟೇ. ನಾನು ಬಗ್ಗಿಕೊಂಡು ಹೋದೆ. ರಾಡ್ ಹಿಡಿದಾಗ ಹೆಲ್ಮೆಟ್ ಮೇಲೆ ಚಿಟಿಕೆಯಷ್ಟು ಧೂಳು ಉದುರಿದ ಸದ್ದು ಕೇಳಿಸಿತು. ಮರಳು ಉದುರಿದ ಹಾಗೆ. ಏನದು ಅಂತ ತಲೆ ಎತ್ತಿದೆ. ತಲೆ ಎತ್ತದೆ ಹಿಂದಕ್ಕೆ ಹಾರಬೇಕಿತ್ತು. ಬಾಗಿಲ ಹಲಗೆಯಷ್ಟು ಅಗಲದ, ನಾಲ್ಕು ಬೆರಳು ದಪ್ಪದ ಚಪ್ಪಡಿ ಇಳಿಯಿತು. ಮೈ ತಪ್ಪಿಸಿಕೊಂಡಿತು, ಎಡಪಾದ ಸಿಕ್ಕಿಕೊಂಡಿತು. ಎರಡು ಮೂಳೆ ಮುರಿದವು.

ಇದಕ್ಕಿಂತ ಜಾಸ್ತಿ ಆಮೇಲಿನದು ನನ್ನನ್ನು ಇವತ್ತಿಗೂ ಕಾಡುತ್ತದೆ. ಮೂಳೆ ಮುರಿದರೆ ಆಗ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆ ಪ್ರಕಾರ ಅದು ಗಂಭೀರ ಗಾಯ, ಧನಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಗಣಿ ಸುರಕ್ಷತಾ ಇಲಾಖೆಗೆ ತಿಳಿಸಲೇಬೇಕಿತ್ತು. ಅದಕ್ಕಿಂತ ಸಣ್ಣ ಗಾಯವಾಗಿ 72 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಅದೂ ಲೆಕ್ಕಕ್ಕೆ ಬರುತ್ತಿತ್ತು. ನನ್ನ ಮೇಲಿನವರು ಪುಸ್ತಕದಲ್ಲಿ 'ಉಳುಕು' ಅಂತ ಬರೆಸಿದರು. ಮೂರನೇ ದಿನ ಜೀಪು ಕಳಿಸಿ, ಪ್ಲಾಸ್ಟರ್ ಕಾಲಿನಲ್ಲೇ ಕರೆಸಿ, ಲ್ಯಾಂಪ್ ರೂಮಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಹಾಜರಿ ಬಿತ್ತು. 72 ಗಂಟೆ ಆಗಲಿಲ್ಲ. ಸಂಬಳ ಪೂರ್ತಿ ಬರುತ್ತದೆ, ಸುಮ್ನೆ ಯಾಕೆ ರಗಳೆ ಅಂತ ನಾನೂ ಸಹಿ ಹಾಕಿದೆ.

ಎರಡು ತಿಂಗಳಾದ ಮೇಲೆ ಪಕ್ಕದ ಗ್ಯಾಲರಿಯಲ್ಲಿ, ಅದೇ ಪದರ, ಅದೇ ರೀತಿ ಬಿಟ್ಟುಕೊಂಡು, ಕಲ್ಲಿದ್ದಲು ತುಂಬುವ ಒಬ್ಬ ಲೋಡರ್ ಹುಡುಗನ ಸೊಂಟದ ಮೇಲೆ ಬಿತ್ತು. ಬದುಕಿದ. ಮತ್ತೆ ನೆಟ್ಟಗೆ ನಡೆಯಲಿಲ್ಲ. ನನ್ನ ಗಾಯ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ ಬಿದ್ದಿದ್ದರೆ ಯಾರಾದರೂ ಬಂದು ಆ ಸೂರನ್ನು ನೋಡುತ್ತಿದ್ದರು. ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಿ ಅನ್ನುತ್ತಿದ್ದರು. ಆ ಸಹಿ ನನ್ನದು. ಅದಕ್ಕೇ ಈಗ ಹುಡುಗರಿಗೆ ಹೇಳುತ್ತೇನೆ: ಎಷ್ಟೇ ಸಣ್ಣ ಗಾಯವಾಗಲಿ, ಇದ್ದದ್ದು ಇದ್ದ ಹಾಗೆ ಬರೆಸಿ. 500 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಗಣಿಯಾದರೆ ಕಾರ್ಮಿಕರ ಪರವಾಗಿ ಒಬ್ಬ ವರ್ಕ್‌ಮನ್ ಇನ್‌ಸ್ಪೆಕ್ಟರ್ ಇರಬೇಕು ಅಂತ ನಾನಿದ್ದಾಗ ನಿಯಮವಿತ್ತು. ಸೇರಿದ ಮೊದಲ ವಾರವೇ ಆತ ಯಾರು ಅಂತ ಕೇಳಿ ತಿಳಿದುಕೊಳ್ಳಿ.

ಕಾಲು ವಾಸಿಯಾಗಿ ಕೆಳಗೆ ಇಳಿದಾಗ ನಾನು ಮಾಡಿದ ಮೊದಲ ಕೆಲಸ, ನಮ್ಮ ಸೆಕ್ಷನ್ನಿನ ಹಿರಿಯ ಡ್ರೆಸ್ಸರ್ ಒಬ್ಬರ ಹಿಂದೆ ಬಿದ್ದದ್ದು. ಸೂರಿನಿಂದ ಸಡಿಲ ಕಲ್ಲು ಕೆಡವುವವರು ಡ್ರೆಸ್ಸರ್. ಇವರು ಹೆಚ್ಚು ಮಾತಾಡುತ್ತಿರಲಿಲ್ಲ. ಕೋಲು ಕೈಗೆ ಕೊಟ್ಟು ತಟ್ಟು ಅನ್ನುತ್ತಿದ್ದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವಲ್ಲ, ಥೇಟ್ ಅದೇ. ಗಟ್ಟಿ ಸೂರು ಠಣ್ ಅನ್ನುತ್ತದೆ. ಪದರ ಬಿಟ್ಟಿದ್ದರೆ ಬಿರುಕು ಮಡಕೆಯ ಹಾಗೆ ದಬ್ ಅನ್ನುತ್ತದೆ. ಸೂರು ಕೈಗೆಟುಕುವಷ್ಟು ತಗ್ಗಿದ್ದರೆ ಒಂದು ಕೈಯಲ್ಲಿ ತಟ್ಟಿ ಇನ್ನೊಂದು ಕೈಯ ಬೆರಳ ತುದಿಯನ್ನು ಪಕ್ಕದಲ್ಲಿ ಇಡಬೇಕು. ಸಡಿಲವಾಗಿದ್ದರೆ ಕಲ್ಲು ಬೆರಳಿಗೆ ನಡುಗುತ್ತದೆ. ಮೊದಲ ತಿಂಗಳು ನನಗೆ ಎಲ್ಲ ಸದ್ದೂ ಒಂದೇ ಥರ ಕೇಳಿಸುತ್ತಿತ್ತು. ಫ್ಯಾನು, ಡ್ರಿಲ್ಲು, ಲೋಡರ್ ಯಂತ್ರ ಎಲ್ಲ ಒಟ್ಟಿಗೆ ಗರ್ಜಿಸುವಾಗ ಏನು ಕೇಳಿಸೀತು? ಅವರು ಯಂತ್ರ ನಿಲ್ಲಿಸಿಯೇ ತಟ್ಟುತ್ತಿದ್ದರು. ಉತ್ಪಾದನೆ ನಿಂತಿತು ಅಂತ ಬೈಸಿಕೊಂಡರೂ ನಿಲ್ಲಿಸುತ್ತಿದ್ದರು.

ಅವರಿಂದ ಕಲಿತು ನಾನು ಒಂದು ಕ್ರಮ ಮಾಡಿಕೊಂಡೆ. ಮದ್ದು ಸಿಡಿದು ಹೊಗೆ ಹೋದ ಮೇಲೆ ಮೊದಲು ಬೋಲ್ಟ್ ಇರುವ ಸೂರಿನಡಿ ನಿಂತು ದೀಪ ಬಿಟ್ಟು ನೋಡುವುದು, ಹೊಸ ಬಿರುಕು, ನೀರು ತೊಟ್ಟಿಕ್ಕುವ ಜಾಗ, ಕನ್ನಡಿಯ ಹಾಗೆ ನುಣ್ಣಗೆ ಹೊಳೆಯುವ ಮೈ ಇದೆಯಾ ಅಂತ. ನುಣ್ಣನೆಯ ಆ ಮೈಗೆ ಸ್ಲಿಪ್ ಅನ್ನುತ್ತಾರೆ, ಅಲ್ಲಿ ಕಲ್ಲು ಜಾರಿ ಬೀಳುತ್ತದೆ, ಧೂಳನ್ನೂ ಉದುರಿಸುವುದಿಲ್ಲ. ಆಮೇಲೆ ಉದ್ದ ಕೋಲಿನಿಂದ ತಟ್ಟುತ್ತಾ ಒಂದೊಂದೇ ಹೆಜ್ಜೆ. ದಬ್ ಅಂದ ಕಡೆ ಉದ್ದ ಹಾರೆಯಿಂದ ಕೆಡವುವುದು. ಹಾರೆ ಎತ್ತುವ ಮುಂಚೆ ಹಿಂದೆ ತಿರುಗಿ ನೋಡುವುದು, ಓಡುವ ದಾರಿಯಲ್ಲಿ ಕೇಬಲ್ಲೋ ಬುಟ್ಟಿಯೋ ಇದ್ದರೆ ಮೊದಲು ಎತ್ತಿಸುವುದು. ಆಮೇಲೆ ತಾತ್ಕಾಲಿಕ ಕಂಬ, ಆಮೇಲೆ ಬೋಲ್ಟು. ಸಿಮೆಂಟ್ ಕ್ಯಾಪ್ಸೂಲ್ ನೆನೆಸಿ ತೂರಿಸಿ ಬೋಲ್ಟ್ ಹೊಡೆದ ಕೂಡಲೇ ಕೆಲಸ ಮುಗಿಯಿತು ಅನ್ನಿಸುತ್ತದೆ. ಸಿಮೆಂಟ್ ಹಿಡಿಯಲು ಹೊತ್ತು ಬೇಕು. ಆ ಅರ್ಧ ಗಂಟೆಯಲ್ಲಿ ಕಂಬ ಕೀಳಿಸಿ ಯಂತ್ರ ಒಳಗೆ ಬಿಡುವವರನ್ನು ನಾನು ನೋಡಿದ್ದೇನೆ. ನಮ್ಮ ಸೆಕ್ಷನ್ನಿನಲ್ಲಿ ಗಡಿಯಾರ ನೋಡದೆ ಕಂಬ ಮುಟ್ಟಬಾರದು ಅಂತ ಮಾಡಿದೆ.

ಮರದ ಕಂಬದ ಬಗ್ಗೆ ಒಂದು ಮಾತು. ಕಬ್ಬಿಣದ ಕಂಬ ಜಾಸ್ತಿ ತೂಕ ಹೊರುತ್ತದೆ, ನಿಜ. ಆದರೆ ಹಳಬರಿಗೆ ಮರದ ಮೇಲೆ ಪ್ರೀತಿ. ಭಾರ ಬೀಳುತ್ತಿದ್ದ ಹಾಗೆ ಮರ ಚಟಚಟ ಅನ್ನುತ್ತದೆ, ನಾರು ಸೀಳುತ್ತದೆ. ಎಷ್ಟೋ ಸಲ ಆ ಸದ್ದಿಗೆ ನಾವು ಓಡಿದ್ದೇವೆ.

ಕೋಲು ಎಲ್ಲವನ್ನೂ ಹೇಳುವುದಿಲ್ಲ, ಇದನ್ನೂ ತಿಳಿದಿರಬೇಕು. ತುಂಬಾ ದಪ್ಪ ಚಪ್ಪಡಿ ಬಿಟ್ಟಿದ್ದರೆ ತಟ್ಟಿದಾಗ ಗಟ್ಟಿಯಾಗಿಯೇ ಕೇಳಿಸುತ್ತದೆ. ಅದಕ್ಕೆ ಜಂಕ್ಷನ್‌ಗಳಲ್ಲಿ ಟೆಲ್‌ಟೇಲ್ ಹಾಕುತ್ತಾರೆ. ಸೂರಿನೊಳಗೆ ಆಳಕ್ಕೆ ಕಟ್ಟಿದ ತಂತಿ, ತುದಿಯಲ್ಲಿ ಬಣ್ಣದ ಪಟ್ಟಿ. ಪದರ ಇಳಿದಷ್ಟೂ ಹಸಿರು ಮರೆಯಾಗಿ ಹಳದಿ, ಆಮೇಲೆ ಕೆಂಪು. ನಾಲ್ಕು ದಾರಿ ಕೂಡುವಲ್ಲಿ ಸೂರಿನ ಹರವು ಜಾಸ್ತಿ, ಬೀಳುವುದೂ ಜಾಸ್ತಿ. ಊಟದ ಡಬ್ಬಿ ಬಿಚ್ಚಿಕೊಂಡು ಜನ ಗುಂಪಾಗಿ ಕೂರುವುದೂ ಅಲ್ಲೇ. ನಾನು ಓವರ್‌ಮನ್ ಆದ ಮೇಲೆ ಊಟದ ಜಾಗ ಬದಲಿಸಿದೆ. ಮೊದಲು ಗೊಣಗಿದರು, ಆಮೇಲೆ ರೂಢಿಯಾಯಿತು.

ಕಲ್ಲಿದ್ದಲಿನಿಂದ ಹೊರಬರುವ ಮೀಥೇನ್ ಅನಿಲದ ಬಗ್ಗೆ ಪುಸ್ತಕದಲ್ಲಿ ಎಲ್ಲ ಇದೆ. ಗಾಳಿಯಲ್ಲಿ ಶೇಕಡಾ 5ರಿಂದ 15ರವರೆಗೆ ಇದ್ದರೆ ಕಿಡಿ ತಗುಲಿದರೆ ಸಿಡಿಯುತ್ತದೆ, 1.25 ಮುಟ್ಟಿದರೆ ಕರೆಂಟು ತೆಗೆದು ಜನರನ್ನು ಹೊರಡಿಸಬೇಕು. ನಾನು ಹೇಳುವುದು ಎಲ್ಲಿ ಅಳೆಯಬೇಕು ಅನ್ನುವುದನ್ನು. ಅದು ಹಗುರ ಅನಿಲ. ಚಾಲು ಬಿದ್ದು ಮೇಲೆ ಗವಿ ಆಗಿರುವ ಕಡೆ ಸೇರಿಕೊಂಡಿರುತ್ತದೆ. ಮೀಟರನ್ನು ಎದೆ ಮಟ್ಟದಲ್ಲಿ ಹಿಡಿದು ಸೊನ್ನೆ ಅಂತ ಬರೆದು ಹೋಗುವವರಿದ್ದಾರೆ. ಕೋಲಿನ ತುದಿಗೆ ಕಟ್ಟಿ ಗವಿಯೊಳಗೆ ಏರಿಸಿ ನೋಡಬೇಕು.

ಇನ್ನು ಹಗ್ಗದ ದಾರಿ. ಇಳಿಜಾರಿನಲ್ಲಿ ಉಕ್ಕಿನ ಹಗ್ಗ ಎಳೆಯುವ ಟಬ್ಬುಗಳು, ಅಂದರೆ ಕಲ್ಲಿದ್ದಲು ಸಾಗಿಸುವ ಸಣ್ಣ ಗಾಡಿಗಳು. ಹಗ್ಗ ಓಡುವಾಗ ಆ ದಾರಿಯಲ್ಲಿ ನಡೆಯಬಾರದು. ಎಂಟು ಗಂಟೆ ಬೆವರಿದವನಿಗೆ ಎರಡು ಕಿಲೋಮೀಟರ್ ಏರು ಹತ್ತುವುದಕ್ಕಿಂತ ಟಬ್ಬಿನ ಮೇಲೆ ಕೂತು ಹೋಗೋಣ ಅನ್ನಿಸುತ್ತದೆ, ಅಲ್ವಾ? ನಮ್ಮ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಾ ರಾತ್ರಿ ಎರಡು ಗಂಟೆಗೆ ತೂಕಡಿಸಿ ಕೈ ಕಳೆದುಕೊಂಡವರನ್ನು ನೋಡಿದ್ದೇವಲ್ಲ, ಅದೇ ದಣಿವು, ಅದೇ ಹೊತ್ತು. ಶಿಫ್ಟಿನ ಕೊನೇ ಗಂಟೆಯಲ್ಲಿ ನಾನು ಜನರ ಹಿಂದೆಯೇ ಇರುತ್ತಿದ್ದೆ.

1975ರ ಡಿಸೆಂಬರ್ 27ರಂದು ಧನಬಾದ್ ಹತ್ತಿರದ ಚಾಸ್ನಾಲಾ ಕಲ್ಲಿದ್ದಲು ಗಣಿಯಲ್ಲಿ ನೀರು ನುಗ್ಗಿ 375 ಜನ ಸತ್ತದ್ದನ್ನು ದೇಶ ನೆನಪಿಟ್ಟುಕೊಂಡಿದೆ. ನೆನಪಿಡಲೇಬೇಕು. ಒಬ್ಬನ ಸೊಂಟ, ಇನ್ನೊಬ್ಬನ ಎರಡು ಬೆರಳು, ಮತ್ತೊಬ್ಬನ ಕಿವಿ, ಇಪ್ಪತ್ತು ವರ್ಷ ಧೂಳು ಕುಡಿದು ಗಟ್ಟಿಯಾದ ಪುಪ್ಪಸ, ಇವು ಯಾವ ಪೇಪರಿನಲ್ಲೂ ಬರುವುದಿಲ್ಲ. ಆ ಮನೆಗಳಿಗೆ ನಾನು ಹೋಗಿದ್ದೇನೆ.

ಊರಿಗೆ ಬಂದ ಮೇಲೂ ಈ ಅಭ್ಯಾಸ ಬಿಟ್ಟಿಲ್ಲ. ಹೋದ ಬೇಸಿಗೆಯಲ್ಲಿ ಪಕ್ಕದ ತೋಟದ ಹಳೇ ಬಾವಿಯಲ್ಲಿ ಪಂಪು ಕೆಟ್ಟಿತು. ನಲವತ್ತು ಅಡಿ ಆಳ. ನೀರು ಖಾಲಿ ಮಾಡಲು ಬಾವಿಯೊಳಗಿನ ಮೆಟ್ಟಿಲ ಮೇಲೇ ಡೀಸೆಲ್ ಎಂಜಿನ್ ಇಟ್ಟು ಓಡಿಸಿದ್ದರು. ಒಬ್ಬ ಹುಡುಗ ಪಂಚೆ ಎತ್ತಿ ಕಟ್ಟಿ ಇಳಿಯಲು ನಿಂತಿದ್ದ. ನಾನು ಓಡಿ ಹೋಗಿ ತೋಳು ಹಿಡಿದೆ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಬಣ್ಣ ಇಲ್ಲ, ವಾಸನೆ ಇಲ್ಲ. ಲಾಟೀನು ಇಳಿಸಿ ನೋಡೋಣ ಅಂದರು ಒಬ್ಬರು. ಲಾಟೀನು ಆರಿದರೆ ಉಸಿರಾಡುವ ಗಾಳಿ ಸಾಲದು ಅಂತ ಗೊತ್ತಾಗುತ್ತದೆ. ಆದರೆ ಮೊನಾಕ್ಸೈಡಿಗೆ ಅದು ಆರುವುದಿಲ್ಲ, ಉರಿಯುತ್ತಿದೆ ಅಂತ ನಂಬಿ ಇಳಿದರೆ ಮನುಷ್ಯ ಬೀಳುತ್ತಾನೆ. ಬಿದ್ದವನನ್ನು ಎತ್ತಲು ಅಣ್ಣ ಇಳಿಯುತ್ತಾನೆ, ಅಣ್ಣನ ಹಿಂದೆ ಅಪ್ಪ. ಗಣಿಯಲ್ಲೂ ಹೀಗೇ ಒಬ್ಬರ ಹಿಂದೆ ಒಬ್ಬರು ಹೋಗಿದ್ದಾರೆ.

ಎಂಜಿನ್ ನಿಲ್ಲಿಸಿ, ಆಲೆಮನೆ ಒಲೆಯ ಬ್ಲೋವರ್ ತಂದು, ಅದಕ್ಕೆ ಪೈಪು ಸಿಕ್ಕಿಸಿ ತಳದವರೆಗೆ ಇಳಿಸಿ ಗಾಳಿ ಬಿಟ್ಟೆವು. ಗಾಳಿ ಬಿಟ್ಟ ಮೇಲೂ ಯಾರನ್ನೂ ಇಳಿಸಲು ನಾನು ಒಪ್ಪಲಿಲ್ಲ, ಅಳೆಯಲು ಮೀಟರ್ ಇರಲಿಲ್ಲವಲ್ಲ. ಪಾತಾಳಗರಡಿ ಇಳಿಸಿ ಕೆಟ್ಟ ಪಂಪಿನ ಪೈಪಿನ ಕೊರಳಿಗೆ ಸಿಕ್ಕಿಸಲು ನೋಡಿದೆವು. ಆರು ಸಲ ಜಾರಿತು. ಏಳನೇ ಸಲ ಹಿಡಿಯಿತು. ಮೂರು ಗಂಟೆ ಹಿಡಿದ ಕೆಲಸ, ಹತ್ತು ನಿಮಿಷದ್ದು ಅಂತ ಅಂದುಕೊಂಡಿದ್ದರು. ಹುಡುಗನ ತಾಯಿ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು.

ಈಗ ನನ್ನ ಅಕ್ಕನ ಮಗನೂ ಗಣಿಗೆ ಹೊರಟಿದ್ದಾನೆ. ಬರುವ ಸೋಮವಾರ ಮೈಸೂರಿನಿಂದ ರೈಲು. ಬೇಡ ಅನ್ನಲಿಲ್ಲ. ಮೊನ್ನೆ ಹಿತ್ತಲಿನಲ್ಲಿದ್ದ ಹಳೇ ಮಡಕೆಗಳನ್ನೆಲ್ಲ ಸಾಲಾಗಿ ಬೋರಲು ಹಾಕಿದೆ. ಹನ್ನೆರಡಿದ್ದವು. ಕೆಲವು ಗಟ್ಟಿ, ಕೆಲವಕ್ಕೆ ಕೂದಲೆಳೆಯಷ್ಟು ಬಿರುಕು. ಅವನ ಕಣ್ಣಿಗೆ ಟವಲ್ ಕಟ್ಟಿ, ಕೈಗೆ ಕೋಲು ಕೊಟ್ಟು, ಪಕ್ಕದಲ್ಲಿ ಮೋಟರ್ ಆನ್ ಮಾಡಿದೆ. ಒಂಬತ್ತು ಸರಿ ಹೇಳಿದ. ಮೂರು ತಪ್ಪಿದ. ಕಣ್ಣಿಂದ ಟವಲ್ ಬಿಚ್ಚಲು ಹೋದ.

"ಬಿಚ್ಚಬೇಡ" ಅಂದೆ. "ಮೊದಲು ಮೋಟರ್ ಆಫ್ ಮಾಡು ಅಂತ ನನಗೆ ಹೇಳು. ಆಮೇಲೆ ತಟ್ಟು."