ಟೇಪು ಹಿಡಿದು ಶುರುವಾದ ಕೆಲಸ: ನಾಲ್ಕು ದೇಶದ ಗೋಡೌನ್‌ಗಳಿಗೆ ಒಂದೇ ಸಾಫ್ಟ್‌ವೇರ್

"ಮೇಡಂ, ಇಲ್ಲಿ ಮೂರನೇ ಪ್ಯಾಲೆಟ್ ಇಡು ಅಂತಿದೆ. ಜಾಗ ಎಲ್ಲಿದೆ, ನೀವೇ ನೋಡಿ."

ನೆಲಮಂಗಲದ ಗೋಡೌನ್‌ನಲ್ಲಿ ಫಾರ್ಕ್‌ಲಿಫ್ಟ್ ಓಡಿಸುವ ಹುಡುಗ ನನ್ನನ್ನು ಕರೆದು ತೋರಿಸಿದ. ರ‍್ಯಾಕಿನ ಆ ಖಾನೆಯಲ್ಲಿ ಎರಡು ಪ್ಯಾಲೆಟ್, ಅಂದರೆ ಮಾಲು ಹೇರಿಡುವ ಹಲಗೆ ಮಣೆಗಳು, ಕೂತಿದ್ದವು. ಪಕ್ಕದಲ್ಲಿ ಉಳಿದಿದ್ದು ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಜಾಗ, ಅಷ್ಟೆ. ಆದರೂ ಅವನ ಕೈಯಲ್ಲಿದ್ದ ಸ್ಕ್ಯಾನರ್ ಅದೇ ಜಾಗವನ್ನು ತೋರಿಸುತ್ತಿತ್ತು.

ನಮ್ಮ ಕಂಪನಿ ವಾಹನಗಳ ಬಿಡಿಭಾಗ ಕಳಿಸುತ್ತದೆ. ನೆಲಮಂಗಲ, ದುಬೈನ ಜೆಬೆಲ್ ಅಲಿ, ನೆದರ್ಲೆಂಡ್ಸ್‌ನ ವೆನ್ಲೋ, ಅಮೆರಿಕದ ಮೆಂಫಿಸ್, ಹೀಗೆ ನಾಲ್ಕು ಕಡೆ ಗೋಡೌನ್. ಮೊದಲು ಒಂದೊಂದು ಕಡೆಯೂ ಒಂದೊಂದು ಎಕ್ಸೆಲ್ ಶೀಟು, ಒಂದೊಂದು ಲೆಕ್ಕ. ದುಬೈನಲ್ಲಿ ಸಿಗದ ಬೇರಿಂಗ್ ವೆನ್ಲೋದಲ್ಲಿ ಸುಮ್ನೆ ಬಿದ್ದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನಾಲ್ಕಕ್ಕೂ ಒಂದೇ ಡಬ್ಲ್ಯುಎಂಎಸ್ ಹಾಕೋಣ ಎಂದು ತೀರ್ಮಾನವಾಯಿತು. ಬಂದ ಮಾಲನ್ನು ಯಾವ ಬಿನ್‌ನಲ್ಲಿ, ಅಂದರೆ ಖಾನೆಯ ಯಾವ ಜಾಗದಲ್ಲಿ, ಇಡಬೇಕು, ಯಾವುದನ್ನು ಮೊದಲು ತೆಗೆಯಬೇಕು ಎಂದು ಹೇಳುವ ಸಾಫ್ಟ್‌ವೇರ್ ಅದು. ಗೋಡೌನ್ ಕಡೆಯ ಜವಾಬ್ದಾರಿ ನನ್ನ ಪಾಲಿಗೆ ಬಂತು.

ಟೆಸ್ಟಿಂಗ್‌ನಲ್ಲಿ ಎದ್ದ ಮೂರನೇ ಪ್ಯಾಲೆಟ್ ವಿಷಯಕ್ಕೆ ಬರುತ್ತೇನೆ. ಸಿಸ್ಟಮ್‌ನ ಮಾದರಿಯನ್ನು ನಾವು ವೆನ್ಲೋ ನೋಡಿಕೊಂಡು ಮಾಡಿದ್ದೆವು. ಅಲ್ಲಿ ಓಡುವುದು ಯೂರೋ ಪ್ಯಾಲೆಟ್, 1200×800 ಮಿ.ಮೀ. ಅಳತೆಯದು. 2700 ಮಿ.ಮೀ. ಉದ್ದದ ಖಾನೆಯಲ್ಲಿ ಅಂಥವು ಮೂರು ಅಕ್ಕಪಕ್ಕ ಕೂರುತ್ತವೆ. ನೆಲಮಂಗಲದಲ್ಲೂ ಖಾನೆ ಅಷ್ಟೇ ಉದ್ದ. ಆದರೆ ನಮ್ಮ ಪ್ಯಾಲೆಟ್ 1200×1000. ಎರಡು ಇಟ್ಟರೆ ಮುಗೀತು. ಮೆಂಫಿಸ್‌ನದು ಇನ್ನೊಂದು ಥರ, 48×40 ಇಂಚು. ಒಂದು ಊರಿನ ಅಳತೆಯನ್ನು ನಾಲ್ಕು ಊರಿಗೆ ಹಾಕಿದ್ದು ನಮ್ಮದೇ ತಪ್ಪು.

ಅವತ್ತಿನಿಂದ ಕಂಪ್ಯೂಟರ್ ಮುಂದೆ ಕೂರುವುದು ಕಡಿಮೆ ಮಾಡಿ ಟೇಪು ಹಿಡಿದೆವು. ಪ್ರತಿ ಖಾನೆ, ಪ್ರತಿ ಐಟಮ್. ಉದ್ದ, ಅಗಲ, ಎತ್ತರ, ತೂಕ. ಒಬ್ಬ ಅಳೆಯುವುದು, ಇನ್ನೊಬ್ಬ ಬರೆಯುವುದು. ಇಡೀ ಪ್ರಾಜೆಕ್ಟಿನಲ್ಲಿ ಜಾಸ್ತಿ ದಿನ ಹಿಡಿದದ್ದು ಇದೇ ಕೆಲಸ. ಮೇಲಿನವರಿಂದ "ಇನ್ನೂ ಅಳತೇನಾ?" ಅಂತ ಫೋನ್ ಬರುತ್ತಿತ್ತು. ನಾನು ಬಿಡಲಿಲ್ಲ. ಇದನ್ನು ಅವಸರದಲ್ಲಿ ಮುಗಿಸಿ ಗೋ-ಲೈವ್ ಮಾಡಿದ್ದರೆ, ಅಂದರೆ ಹೊಸ ಸಿಸ್ಟಮ್ ಶುರು ಮಾಡಿದ್ದರೆ, ಮೊದಲ ವಾರವೇ ಲಾರಿಗಳು ಮಾಲು ಹತ್ತಿಸಿ ಇಳಿಸುವ ಡಾಕ್‌ನಲ್ಲಿ ಸಾಲು ನಿಲ್ಲುತ್ತಿದ್ದವು.

ಅಳೆಯುತ್ತಾ ಹೋದ ಹಾಗೆ ಬೇರೆ ಗಂಟುಗಳೂ ಬಿಚ್ಚಿಕೊಂಡವು. ಒಂದು ಸೀಲ್ ಕಿಟ್ ನೆಲಮಂಗಲದ ಲೆಕ್ಕದಲ್ಲಿ 1 ಅಂದರೆ ಹತ್ತರ ಒಂದು ಡಬ್ಬ. ವೆನ್ಲೋದಲ್ಲಿ 1 ಅಂದರೆ ಒಂದೇ ಕಿಟ್. ಟೆಸ್ಟಿಂಗ್‌ನಲ್ಲಿ ಅಲ್ಲಿಂದ 40 ಕೇಳಿದರೆ ಇಲ್ಲಿ 400 ಹೊರಡಲು ರೆಡಿಯಾಗಿ ನಿಂತಿತ್ತು! ಆಮೇಲೆ ಎಲ್ಲ ಐಟಮ್‌ಗೂ ಮೂಲ ಲೆಕ್ಕ ಪೀಸ್‌ನಲ್ಲೇ ಇರಬೇಕು, ಡಬ್ಬದಲ್ಲಿ ಎಷ್ಟು ಪೀಸ್ ಎಂಬುದು ಬೇರೆ ಕಾಲಂನಲ್ಲಿ ಇರಬೇಕು ಎಂದು ಕಟ್ಟುನಿಟ್ಟು ಮಾಡಿದೆವು.

ತಾರೀಕಿನದೂ ಇದೇ ಕಥೆ. 04/07 ಅಂದರೆ ನಮಗೆ ಜುಲೈ 4, ಮೆಂಫಿಸ್‌ನವರಿಗೆ ಏಪ್ರಿಲ್ 7. ಅಂಟು, ರಬ್ಬರ್ ಸೀಲ್‌ಗಳಿಗೆ ಅವಧಿ ಇರುತ್ತದೆ. ಮೊದಲು ಮುಗಿಯುವುದು ಮೊದಲು ಹೊರಗೆ ಹೋಗಬೇಕು. ತಾರೀಕೇ ತಿರುಗಿದರೆ ಹಳೆಯದು ಒಳಗೇ ಉಳಿಯುತ್ತದೆ, ಅಲ್ವಾ? ಕೈಯಲ್ಲಿ ತಾರೀಕು ಟೈಪ್ ಮಾಡುವುದನ್ನೇ ನಿಲ್ಲಿಸಿದೆವು. ಜಿಎಸ್1 ಎಂಬ ಅಂತರರಾಷ್ಟ್ರೀಯ ಮಾನದಂಡದ ಬಾರ್‌ಕೋಡ್‌ನಲ್ಲಿ 17 ಎಂಬ ಗುರುತಿನ ನಂತರ ಬರುವ ಆರು ಅಂಕಿಗಳು ಅವಧಿ ಮುಗಿಯುವ ದಿನವನ್ನು ಹೇಳುತ್ತವೆ. ವರ್ಷ, ತಿಂಗಳು, ದಿನ, ಅದೇ ಕ್ರಮದಲ್ಲಿ. ಯಾವ ದೇಶದಲ್ಲಿ ಸ್ಕ್ಯಾನ್ ಮಾಡಿದರೂ ಒಂದೇ ಅರ್ಥ.

ಭಾಷೆಯ ವಿಷಯದಲ್ಲಿ ನನಗೆ ಸ್ವಲ್ಪ ಹಟ ಇತ್ತು. ವೆನ್ಲೋದಲ್ಲಿ ಪೋಲೆಂಡಿನಿಂದ ಬಂದವರು ಜಾಸ್ತಿ, ಅವರಿಗೆ ಪೋಲಿಷ್ ಕೊಟ್ಟರು. ಹಾಗಾದರೆ ನೆಲಮಂಗಲಕ್ಕೆ ಕನ್ನಡ ಬೇಕು ಎಂದು ಕೇಳಿದೆ. ಹಳೇ ಸ್ಕ್ಯಾನರ್‌ಗಳಲ್ಲಿ ಒತ್ತಕ್ಷರ ಬಿಟ್ಟುಕೊಂಡು ಪಕ್ಕಕ್ಕೆ ಬಂದು ಕೂತಿತು. "ಪೆಟ್ಟಿಗೆ" ಓದಲು ಆಗುತ್ತಿರಲಿಲ್ಲ. ಆಂಡ್ರಾಯ್ಡ್ ಸ್ಕ್ಯಾನರ್ ಬಂದ ಮೇಲೆ ಸರಿಹೋಯಿತು. "ಇಡಿ", "ತೆಗೆಯಿರಿ", "ಎಣಿಸಿ", ಇಷ್ಟೇ ಪದ, ಜೊತೆಗೆ ದೊಡ್ಡ ಅಂಕಿ. ಅಷ್ಟರಿಂದಲೇ ಹಮಾಲಿ ಕೆಲಸದವರೂ ಎರಡು ದಿನದಲ್ಲಿ ಸ್ಕ್ಯಾನರ್ ಹಿಡಿದರು.

ನೆಲಮಂಗಲದಲ್ಲಿ ಮೊದಲು ಶುರು ಮಾಡಿದೆವು. ಶನಿವಾರ ಮಾಲು ಓಡಾಟ ನಿಲ್ಲಿಸಿ, ಪೂರ್ತಿ ಎಣಿಸಿ, ಸೋಮವಾರ ಬೆಳಗ್ಗೆ ಹೊಸ ಸಿಸ್ಟಮ್. ಕೆಲವು ವಾರ ಚೆನ್ನಾಗಿ ನಡೆಯಿತು. ಮಳೆ ಶುರುವಾದ ಮೇಲೆ ಒಂದು ಸಾಲಿನ ಲೆಕ್ಕ ಮಾತ್ರ ದಿನಾ ತಪ್ಪತೊಡಗಿತು. ಸಿಸ್ಟಮ್‌ನಲ್ಲಿ ಬೇರಿಂಗ್ ಇದೆ, ಬಿನ್ ಖಾಲಿ. ಕಳ್ಳತನ ಅಂದವರೂ ಇದ್ದರು. ಕೊನೆಗೆ ನಮ್ಮ ಹಳೇ ಸ್ಟೋರ್ ಕೀಪರ್‌ನ ಪಕ್ಕಕ್ಕೆ ಕರೆದು ಕೇಳಿದೆ: "ಏನಣ್ಣ, ಈ ಸಾಲಿನದು ಏನು ಸಮಾಚಾರ?"

"ಮೇಡಂ, ಅದು ನೀರು ಸೋರೋ ಸಾಲು. ಅಲ್ಲಿ ಬೇರಿಂಗ್ ಇಟ್ಟರೆ ತುಕ್ಕು ಹಿಡಿಯುತ್ತೆ. ಅದಕ್ಕೇ ಎತ್ತಿ ಆಚೆ ಇಡ್ತಿದ್ದೀನಿ."

ಚಾವಣಿಯ ಆ ಮೂಲೆ ಸೋರುವುದು ಹತ್ತಾರು ವರ್ಷಗಳಿಂದ ಅವರಿಗೆ ಗೊತ್ತಿತ್ತು. ನಮ್ಮ ಯಾವ ನಕ್ಷೆಯಲ್ಲೂ ಇರಲಿಲ್ಲ, ಯಾರೂ ಅವರನ್ನು ಕೇಳಿರಲಿಲ್ಲ. ಅವತ್ತು ಮಧ್ಯಾಹ್ನ ಅವರ ಜೊತೆ ಇಡೀ ಗೋಡೌನ್ ಸುತ್ತಿದೆ. ಸೋರುವ ಸಾಲು, ಬಿಸಿಲು ನೇರ ಬೀಳುವ ಖಾನೆ, ಫಾರ್ಕ್‌ಲಿಫ್ಟ್ ತಿರುಗಿಸಲು ಕಷ್ಟವಾಗುವ ಮೂಲೆ, ಒಂದೊಂದನ್ನೂ ಬರೆದುಕೊಂಡೆ. ಸಂಜೆಯೊಳಗೆ ಅವೆಲ್ಲ ಸಿಸ್ಟಮ್ ಸೇರಿದವು.

ಜೆಬೆಲ್ ಅಲಿ, ವೆನ್ಲೋ, ಮೆಂಫಿಸ್‌ನಲ್ಲಿ ಶುರು ಮಾಡುವಾಗ ಮೊದಲ ದಿನ ಲ್ಯಾಪ್‌ಟಾಪ್ ತೆರೆಯಲಿಲ್ಲ. ಅಲ್ಲಿ ಎಲ್ಲರಿಗಿಂತ ಹಳಬರು ಯಾರು ಎಂದು ಕೇಳಿ, ಅವರ ಜೊತೆ ನಡೆದೆ. ನೆಲಮಂಗಲದಲ್ಲಿ ಚಾವಣಿ ರಿಪೇರಿ ಆಗುವವರೆಗೂ, ಮೇ ತಿಂಗಳ ಕೊನೆಯಲ್ಲಿ ಆ ಸಾಲಿನ ಬಿನ್‌ಗಳನ್ನು ಸಿಸ್ಟಮ್‌ನಲ್ಲಿ ಬ್ಲಾಕ್ ಮಾಡುತ್ತಿದ್ದವರು ಆ ಅಣ್ಣನೇ, ತಮ್ಮದೇ ಲಾಗಿನ್‌ನಿಂದ.