ಒಂದು ನಕಾರದ ರಿಯಾಯಿತಿ

ಅರಬಿ ಪದ್ಯ ಹೊಸೆಯುವಾಗ ಶಾಲೆಯಲ್ಲಿ ಕಲಿತ ಲಘು-ಗುರು ಗುರುತುಗಳನ್ನೇ ಸಾಲಿನ ಮೇಲೆ ಹಾಕಿಕೊಳ್ಳುತ್ತೇನೆ. ಎಂಟನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ರೂಪಿಸಿದ ಛಂದಶ್ಶಾಸ್ತ್ರಕ್ಕೂ ಅವು ಸಲೀಸಾಗಿ ಹೊಂದುತ್ತವೆ. ಗಣ ಕೂಡದ ಕಡೆ ವ್ಯಾಕರಣವನ್ನು ತುಸು ಸಡಿಲಿಸಲು ಕವಿಗಿರುವ ಅನುಮತಿಯನ್ನು ಅರಬಿಯಲ್ಲಿ 'ದರೂರಾ' ಎನ್ನುತ್ತಾರೆ.

ಅಕ್ಕನ ಮಗಳು ಫಾತಿಮಾಳ ಮದುವೆಗೆ ಬರೆದ ಪದ್ಯವನ್ನೇ ನೋಡಿ. ರಜಝ್ ಛಂದಸ್ಸು, ಗಣ ಗುರು-ಗುರು-ಲಘು-ಗುರು. ಮೊದಲೆರಡರಲ್ಲಿ ಒಂದು ಲಘುವಾದರೂ ನಡೆಯುತ್ತದೆ, ಕೊನೆಯದು ಗುರುವೇ ಆಗಬೇಕು. ಪ್ರಥಮಾ ವಿಭಕ್ತಿಯಲ್ಲಿ 'ಫಾತಿಮತು' ಎಂದಿಟ್ಟರೆ ಕೊನೆಗೆ ಲಘು ಬರುತ್ತದೆ. ಇಂಥ ಹೆಸರುಗಳ ತುದಿಗೆ ವ್ಯಾಕರಣ ನಕಾರವನ್ನು ಒಪ್ಪುವುದಿಲ್ಲ. ಆದರೆ ಪದ್ಯದಲ್ಲಿ 'ಫಾತಿಮತುನ್' ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಇಸ್ಲಾಂಗೂ ಹಿಂದಿನ ಕವಿ ಇಮ್ರುಲ್ ಕೈಸ್ ತನ್ನ 'ಮುಅಲ್ಲಕಾ' ಎಂಬ ಹೆಸರಾಂತ ನೀಳ್ಗವನದಲ್ಲಿ ಪ್ರೇಯಸಿಯನ್ನು 'ಉನೈಝತ' ಎನ್ನಬೇಕಾದಲ್ಲಿ 'ಉನೈಝತಿನ್' ಎಂದಿದ್ದಾನೆ.

ಆದರೂ ನಾನು ಆ ನಕಾರವನ್ನು ತರಲಿಲ್ಲ. ಮುಂದಿನ ಪದಕ್ಕೆ 'ಅಲ್' ಸೇರಿಸಿದೆ: 'ಫಾತಿಮತುಲ್ ಅರೂಸು', ಮದುಮಗಳು ಫಾತಿಮಾ. ಲಕಾರ ಹಿಂದಕ್ಕೆ ಅಂಟಿಕೊಂಡು 'ತು' ಗುರುವಾಯಿತು, ವ್ಯಾಕರಣವೂ ಉಳಿಯಿತು.

ಈ ವಿಷಯದಲ್ಲಿ ನಾನು ಇಬ್ನ್ ಮಾಲಿಕ್‌ನ ಕಡೆಯವನು. 1274ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡ ಈ ವೈಯಾಕರಣನ ಪ್ರಕಾರ, ಬೇರೆ ದಾರಿಯೇ ಇಲ್ಲದೆ ನಿಯಮ ಸಡಿಲಿಸಿದರೆ ಮಾತ್ರ ಅದು ದರೂರಾ. ಪದ್ಯದಲ್ಲಿ ಬಂದರೆ ಸಾಕು, ಬೇರೆ ದಾರಿ ಇತ್ತೇ ಎಂದು ಕೇಳಬೇಡಿ ಎನ್ನುವವರೇ ಹೆಚ್ಚು. ತಮಾಷೆಯೆಂದರೆ, ಇಡೀ ವ್ಯಾಕರಣವನ್ನು ಸುಮಾರು ಸಾವಿರ ರಜಝ್ ಪದ್ಯಗಳಲ್ಲಿ ಹೇಳಿದ ಆತನೂ 'ತಾಅ್' ಎಂಬ ಅಕ್ಷರದ ಹೆಸರಿನ ತುದಿಯ ಹಂಝವನ್ನು, ಎಂದರೆ ಗಂಟಲಲ್ಲಿ ಉಸಿರು ತಡೆದು ಹೊರಡಿಸುವ ವ್ಯಂಜನವನ್ನು, ನುಂಗಿ 'ತಾ' ಎಂದು ಮುಂದೆ ಸಾಗುತ್ತಾನೆ. ಈ ರಿಯಾಯಿತಿ ನನಗೂ ಇಷ್ಟ. ಪಯಣ ಎಷ್ಟೇ ದೀರ್ಘವಾದರೂ ಸನಾ ತಲುಪಲೇಬೇಕು ಎನ್ನುವ ಹಳೆಯ ಸಾಲೊಂದರಲ್ಲಿ ಯೆಮನ್‌ನ ಆ ಊರಿನ ಹೆಸರೂ ಹೀಗೆಯೇ ಹಂಝ ಕಳೆದುಕೊಂಡಿದೆ; ಕಿವಿಗೆ ಗೊತ್ತೇ ಆಗುವುದಿಲ್ಲ.

ಪ್ರಾಸದ ಸ್ವರವನ್ನು ಮಾತ್ರ ಮುಟ್ಟುವುದಿಲ್ಲ. 'ದಿ' ಎಂದು ಮುಗಿಯುವ ಸಾಲುಗಳ ನಡುವೆ 'ದು' ಬಂದರೆ ಅದು 'ಇಕ್ವಾ' ಎಂಬ ದೋಷ. ನಾಬಿಗಾನಂಥ ಕವಿಯನ್ನೂ ಅದು ಬಿಡಲಿಲ್ಲ. ಮದೀನಾದವರು ಗಾಯಕಿಯೊಬ್ಬಳಿಂದ ಅವನ ಪದ್ಯವನ್ನು ಎಳೆದು ಹಾಡಿಸಿದ ಮೇಲೆಯೇ ಅವನಿಗೆ ಹೊಳೆದು, ಸಾಲನ್ನು ತಿದ್ದಿಕೊಂಡನೆಂದು ಹೇಳುತ್ತಾರೆ. ಓದುವಾಗ ಜಾರಿಹೋಗುವ ಸ್ವರ ಎಳೆದು ಹಾಡಿದರೆ ಸಿಕ್ಕಿಬೀಳುತ್ತದೆ. ನಾನೂ ಬರೆದದ್ದನ್ನು ಮೊದಲು ದಫ್ ತಂಡದ ಹುಡುಗರ ಕೈಗೆ ಕೊಟ್ಟು ಹಾಡಿಸಿ ಕೇಳುತ್ತೇನೆ.